ಭಾವಚಿತ್ರಗಳ ಕರಡಿಗೆ

ಬಿಡುವಿನ ವೇಳೆಯಲ್ಲಿ ಮನೆಗಳಲ್ಲಿ ನಡೆಯುವ ಸಣ್ಣ ಕೈಗೆಲಸಗಳನ್ನು ನಾವು ವಿನೋದದ ಕೋಟಿಗೆ ಸೇರಿಸಿ ಸುಮ್ಮನಾಗುತ್ತೇವೆ. ಹಳೆಯ ಭಾವಚಿತ್ರಗಳನ್ನಿಡುವುದಕ್ಕೆ ಅಲಂಕೃತವಾದ ಒಂದು ಕರಡಿಗೆಯನ್ನು ಮಾಡುವುದೂ ಅಂಥ ಕೆಲಸವೆಂದೇ ಮೇಲುನೋಟಕ್ಕೆ ತೋರುವುದು. ಒಂದಿಷ್ಟು ರಟ್ಟು, ಒಂದಿಷ್ಟು ಬಟ್ಟೆ, ಸ್ವಲ್ಪ ಅಂಟು, ಎರಡು ದಿವಸದ ವ್ಯವಧಾನ, ಇಷ್ಟಿದ್ದರೆ ಸಾಕು. ಇದರಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಎಡೆಯುಂಟು. ಕರಡಿಗೆ ಸಿದ್ಧವಾದೊಡನೆ ಅದರೊಳಕ್ಕೆ ಯಾರನ್ನು ಇಡಬೇಕು, ಯಾರನ್ನು ಬಿಡಬೇಕು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಕೈಯ ಕುಶಲತೆ ಉತ್ತರ ಹೇಳಲಾರದು.

ಬೆಂಗಳೂರಿನ ಪಶ್ಚಿಮಭಾಗದ ವಿಜಯನಗರದಲ್ಲಿ ಈ ಪ್ರಶ್ನೆ ಅನೇಕ ಮನೆಗಳಿಗೆ ಈಗ ಎದುರಾಗುತ್ತಿದೆ. ಒಂದು ತಲೆಮಾರಿನ ಹಿಂದೆ ಕಟ್ಟಿದ ತಗ್ಗು ಮನೆಗಳು ಒಂದೊಂದಾಗಿ ಉರುಳಿ, ಅದೇ ನಿವೇಶನಗಳಲ್ಲಿ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ಮನೆ ಕೆಡವುವ ಮುನ್ನ ಅಟ್ಟದ ಮೇಲಿನ ತಗಡಿನ ಟ್ರಂಕು ಕೆಳಗಿಳಿಯುತ್ತದೆ. ಮುಚ್ಚಳ ತೆರೆದರೆ ದಪ್ಪರಟ್ಟಿಗೆ ಅಂಟಿಸಿದ ಮದುವೆಯ ಗುಂಪುಚಿತ್ರಗಳು, ಬೋರಲು ಮಲಗಿ ತಲೆಯೆತ್ತಿದ ಶಿಶುಗಳು, ಕುರ್ಚಿಯ ತೋಳಿನ ಮೇಲೆ ಕೈಯಿಟ್ಟು ಗಂಭೀರವಾಗಿ ನಿಂತ ಹಿರಿಯರು. ಹೊಸ ಮನೆಯಲ್ಲಿ ಅಟ್ಟವೂ ಇಲ್ಲ, ಟ್ರಂಕಿಗೆ ಸ್ಥಳವೂ ಇಲ್ಲ. ಆಗ ಮನೆಯ ಸೊಸೆಯೋ ಮೊಮ್ಮಗಳೋ ಇವುಗಳಿಗೊಂದು ಚೆಲುವಾದ ಪೆಟ್ಟಿಗೆ ಮಾಡೋಣವೆಂದು ಮುಂದಾಗುತ್ತಾಳೆ.

ಕೆಲಸದ ಕ್ರಮವೇ ಮೊದಲ ನೀತಿಯನ್ನು ಕಲಿಸುತ್ತದೆ. ಅಳತೆ ಚಿತ್ರದ್ದಾಗಿರಬೇಕು. ಪೆಟ್ಟಿಗೆ ಚಿತ್ರಕ್ಕೆ ಹೊಂದಬೇಕಲ್ಲದೆ ಪೆಟ್ಟಿಗೆಗೆ ಹೊಂದಲೆಂದು ಚಿತ್ರದ ಅಂಚನ್ನು ಕತ್ತರಿಸಕೂಡದು. ಹೊರಮೈಗೆ ಅಜ್ಜಿಯ ಜೀರ್ಣವಾದ ರೇಷ್ಮೆಸೀರೆಯ ಜರಿಯಂಚನ್ನು ಹೊದಿಸಬಹುದು. ಮುಚ್ಚಳದ ಹಿಡಿಗೆ ಚನ್ನಪಟ್ಟಣದವರು ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಗುಂಡನ್ನು ಕೂರಿಸಬಹುದು. ಒಳಮೈಯಲ್ಲಿ ಮಾತ್ರ ಆಡಂಬರ ಸಲ್ಲದು. ಸಾಧಾರಣ ರಟ್ಟಿನಲ್ಲಿರುವ ಆಮ್ಲಾಂಶವು ಕಾಲಕ್ರಮದಲ್ಲಿ ಚಿತ್ರವನ್ನು ಹಳದಿಗೊಳಿಸುತ್ತದೆ. ಆದುದರಿಂದ ಆಮ್ಲರಹಿತವಾದ ಬಿಳಿಯ ಕಾಗದವನ್ನು ಒಳಗೆ ಹಾಸಬೇಕು. ಮೈದಾಹಿಟ್ಟಿನ ಅಂಟು ಹುಳುಗಳಿಗೆ ಆಹಾರ. ಪುಸ್ತಕ ಕಟ್ಟುವವರು ಅದಕ್ಕೆ ಮೈಲುತುತ್ತ ಬೆರೆಸುವುದು ಈ ಕಾರಣದಿಂದಲೇ. ಅಂಟು ಪೂರ್ಣವಾಗಿ ಒಣಗುವ ಮೊದಲು ಚಿತ್ರಗಳನ್ನಿಟ್ಟರೆ ಮಳೆಗಾಲ ಬರುವ ಮುನ್ನವೇ ಬೂಷ್ಟು ಹಿಡಿಯುತ್ತದೆ. ಚಿತ್ರಕ್ಕಂತೂ ಅಂಟು ಸೋಕಲೇಬಾರದು. ಅಲಂಕಾರವೆಲ್ಲ ಹೊರಗಿದ್ದು, ಒಳಗಿರುವುದು ತಾನಿದ್ದಂತೆಯೇ ಇರಬೇಕೆಂಬುದು ಇದರ ತಾತ್ಪರ್ಯ.

ಈ ನಿಯಮ ರಟ್ಟು ಬಟ್ಟೆಗಳ ಮಟ್ಟಿಗೆ ಸುಲಭ. ಮನುಷ್ಯರ ವಿಷಯದಲ್ಲಿ ಕಷ್ಟ. ಗುಂಪುಚಿತ್ರವೊಂದರಲ್ಲಿ ಮನೆಯವರ ಮಾತು ಮೀರಿ ಮದುವೆಯಾಗಿ ಹೋದ ಮಗಳು ಇರುತ್ತಾಳೆ. ಆಸ್ತಿಯ ವ್ಯಾಜ್ಯದಲ್ಲಿ ಬೇರೆಯಾದ ಚಿಕ್ಕಪ್ಪ ಇರುತ್ತಾನೆ. ತಲೆಯ ಮೇಲೆ ಸೆರಗೆಳೆದುಕೊಂಡು ಕೊನೆಯ ಸಾಲಿನಲ್ಲಿ ಅರೆಮರೆಯಾಗಿ ನಿಂತ ಸೋದರತ್ತೆ ಇರುತ್ತಾಳೆ. ಚೆಲುವಾದ ಪೆಟ್ಟಿಗೆಯಲ್ಲಿ ಚೆಲುವಾದ ನೆನಪುಗಳು ಮಾತ್ರ ಇರಲಿ ಎಂಬ ಆಸೆಯಿಂದ ಕತ್ತರಿ ಕೈಗೆ ಬರುತ್ತದೆ. ಆದರೆ ಕತ್ತರಿಯ ಕೆಲಸ ಎಂದೂ ಪೂರ್ತಿಯಾಗದು. ಮುಖ ಹೋದರೂ ಅಣ್ಣನ ಹೆಗಲ ಮೇಲಿಟ್ಟ ಕೈ ಉಳಿದುಬಿಡುತ್ತದೆ. ಮುಂದೆ ಮೊಮ್ಮಕ್ಕಳು ಈ ಕೈ ಯಾರದೆಂದು ಕೇಳಿದಾಗ ಮನೆಯವರು ಸುಳ್ಳು ಹೇಳಬೇಕು, ಇಲ್ಲವೇ ಆ ಕತ್ತರಿಯ ಕಥೆಯನ್ನು ಹೇಳಬೇಕು.

ಇಲ್ಲಿ ಒಂದು ಆಕ್ಷೇಪಣೆಯನ್ನು ವಿಚಾರಿಸಬೇಕು. ಕರಡಿಗೆ ಮನೆಯವರ ಸಂತೋಷಕ್ಕಾಗಿ ಮಾಡಿದ್ದು. ಅದು ನ್ಯಾಯಸ್ಥಾನವಲ್ಲ, ಚರಿತ್ರೆಯ ಭಂಡಾರವೂ ಅಲ್ಲ. ನೊಂದವರು ತಮ್ಮ ನೋವಿನ ಮುಖವನ್ನು ಮತ್ತೆ ಮತ್ತೆ ಏಕೆ ನೋಡಬೇಕು? ಆಕ್ಷೇಪಣೆ ಅನುಚಿತವಲ್ಲ. ನೊಂದವರಿಗೆ ಕಣ್ಣು ತಿರುಗಿಸುವ ಅಧಿಕಾರವುಂಟು. ಅಂಥ ಚಿತ್ರವನ್ನು ಲಕೋಟೆಯಲ್ಲಿ ಹಾಕಿ ಕರಡಿಗೆಯ ತಳದಲ್ಲಿಡಲಿ, ಯಾರೂ ತಪ್ಪೆನ್ನಲಾರರು. ಮರೆಯಲ್ಲಿಡುವುದು ಬೇರೆ, ಇಲ್ಲವಾಗಿಸುವುದು ಬೇರೆ. ಮೊದಲನೆಯದು ಇಂದಿನವರ ದುಃಖಕ್ಕೆ ಸಲ್ಲುವ ಗೌರವ. ಎರಡನೆಯದರಿಂದ ಇನ್ನೂ ಹುಟ್ಟದವರ ಪಾಲು ಅಪಹೃತವಾಗುತ್ತದೆ. ನಮ್ಮ ಮುನಿಸು ನಮ್ಮೊಡನೆ ತೀರುವುದು. ನಮ್ಮ ಕತ್ತರಿಯ ಫಲವನ್ನು ಮಾತ್ರ ಅದರ ಕಾರಣವನ್ನೇ ಅರಿಯದವರು ಅನುಭವಿಸಬೇಕಾಗುವುದು.

ಈ ಬಡಾವಣೆಗೆ ಹೆಸರನ್ನಿತ್ತ ಪ್ರಾಚೀನ ರಾಜಧಾನಿಯಿಂದಲೇ ಇದಕ್ಕೊಂದು ನಿದರ್ಶನ ದೊರೆಯುತ್ತದೆ. ವಿಜಯನಗರದ ಮಗ್ಗುಲಲ್ಲಿಯೇ ಹಂಪಿನಗರವೂ ಇರುವುದರಿಂದ ಇಲ್ಲಿಯವರಿಗೆ ಆ ಸ್ಮರಣೆ ದಿನನಿತ್ಯದ್ದು. ಛಾಯಾಗ್ರಹಣದ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಆಗಿನ್ನೂ ಇಪ್ಪತ್ತು ವರ್ಷವೂ ಕಳೆಯದಿದ್ದ ಕಾಲದಲ್ಲಿ, 1856ರಲ್ಲಿ, ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ಹಂಪಿಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ಮೇಲೆ ಚಿತ್ರಿಸಿಕೊಂಡನು. ಆ ಕಾಗದದ ಪ್ರತಿಗಳು ಬಹುಕಾಲ ಕಣ್ಮರೆಯಾಗಿದ್ದು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕನು ಅವೇ ಸ್ಥಳಗಳಲ್ಲಿ ನಿಂತು ಹೊಸ ಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ನಾವೆಲ್ಲರೂ ಕಂಡಿದ್ದೇವೆ. ಅದರ ನೆತ್ತಿ ಬೋಳು. ಗ್ರೀನ್‌ಲಾನ ಚಿತ್ರದಲ್ಲಿಯಾದರೋ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಶಿಖರ ಹೋಯಿತು, ಕಾಗದದ ಹಾಳೆ ಉಳಿಯಿತು. ಶಿಥಿಲವಾದ ಆ ಇಟ್ಟಿಗೆಯ ರಾಶಿಯಿಂದ ಚಿತ್ರದ ಅಂದ ಕೆಟ್ಟಿತೆಂದು ಯಾರಾದರೂ ಮೇಲಂಚನ್ನು ಕತ್ತರಿಸಿದ್ದರೆ, ಆ ರಥದ ಪೂರ್ವರೂಪಕ್ಕೆ ಅಷ್ಟು ಸ್ಪಷ್ಟವಾದ ಸಾಕ್ಷಿ ನಮ್ಮ ಕೈಗೆ ಸಿಗುತ್ತಿರಲಿಲ್ಲ. ಯಾವುದು ಮುಂದೆ ಬೇಕಾಗುವುದೆಂದು ಇಂದಿನ ಕಣ್ಣು ತಿಳಿಯಲಾರದು.

ಹಾಗಾದರೆ ಎಲ್ಲವನ್ನೂ ಇಡಬೇಕೆ? ಇಡಬೇಕಾಗಿಲ್ಲ. ಒಂದೇ ಚಿತ್ರದ ನಾಲ್ಕು ಪ್ರತಿಗಳಿದ್ದರೆ ಮೂರನ್ನು ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಹಂಚುವುದೇ ಲೇಸು. ಬದುಕಿರುವವರು ನನ್ನ ಈ ಚಿತ್ರ ಬೇಡವೆಂದರೆ ಅವರ ಮಾತೇ ಪ್ರಮಾಣ. ಅವರ ಮುಖಕ್ಕೆ ಅವರೇ ಒಡೆಯರು. ಮೃತರು ಹಾಗೆ ಕೇಳಿಕೊಳ್ಳಲಾರರು, ತಮ್ಮನ್ನು ಬಿಡಬೇಡಿರೆಂದೂ ಬೇಡಲಾರರು. ಆದುದರಿಂದ ಅವರ ವಿಷಯದಲ್ಲಿ ನಮ್ಮ ಹೊಣೆ ಹೆಚ್ಚು. ಕಿಸೆಯ ದೂರವಾಣಿಯಲ್ಲಿ ಸಾವಿರಾರು ಚಿತ್ರಗಳು ತಾವಾಗಿಯೇ ಶೇಖರವಾಗುವ ಈ ಕಾಲದಲ್ಲಿ ಇಂಥ ಹೊಣೆ ನೆನಪಿಗೇ ಬರುವುದಿಲ್ಲ. ಕರಡಿಗೆಯ ಇಕ್ಕಟ್ಟು ಅದನ್ನು ನೆನಪಿಸುತ್ತದೆ.

ಇಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದಲ್ಲ. ಹೆಸರಿಲ್ಲದ ಮುಖ ಎರಡು ತಲೆಮಾರಿನಲ್ಲಿ ಅಪರಿಚಿತರ ಮುಖವಾಗುತ್ತದೆ. ಚಿತ್ರದ ಹಿಂಬದಿಯ ಅಂಚಿನಲ್ಲಿ ಮೆದುವಾದ ಸೀಸದ ಕಡ್ಡಿಯಿಂದ, ಒತ್ತದೆ, ಪ್ರತಿಯೊಬ್ಬರ ಹೆಸರನ್ನೂ ಬರೆಯಬೇಕು. ಸಾಲಿನ ತುದಿಯಲ್ಲಿ ಬರಿಗಾಲಿನಲ್ಲಿ ನಿಂತ ಕೆಲಸದ ಹುಡುಗನ ಹೆಸರನ್ನೂ ಬರೆಯಬೇಕು. ಹೆಸರು ಮರೆತಿದ್ದರೆ, ದನ ಮೇಯಿಸುತ್ತಿದ್ದವನು, ನಮ್ಮ ತಂದೆಗೆ ಈಜು ಕಲಿಸಿದವನು ಎಂದು ಹಿರಿಯರು ಹೇಳಿದಷ್ಟನ್ನಾದರೂ ಬರೆಯಬೇಕು. ಗುರುತಿಸಬಲ್ಲ ಒಂದು ಜೀವ ಮನೆಯಲ್ಲಿ ಇರುವವರೆಗೆ ಮಾತ್ರ ಈ ಕೆಲಸ ಸಾಧ್ಯ.

ನಮ್ಮ ನಾಡಿನಲ್ಲಿ ಕುಂಕುಮವನ್ನಿಡುವುದು ಕರಡಿಗೆಯಲ್ಲಿ, ಇಷ್ಟಲಿಂಗವನ್ನಿಡುವುದೂ ಕರಡಿಗೆಯಲ್ಲಿ. ಆ ಮಾತಿಗೆ ಪವಿತ್ರತೆಯ ಪರಿಮಳ ಅಂಟಿರುವುದು ಆಕಸ್ಮಿಕವಲ್ಲ. ಅದನ್ನು ಮಾಡಿದವಳು ಅದರ ಒಡತಿಯಲ್ಲ, ಕೆಲಕಾಲ ಕಾಪಾಡಿ ಮುಂದಿನವರಿಗೆ ಒಪ್ಪಿಸತಕ್ಕವಳು. ಒಪ್ಪಿಸುವಾಗ ಲೆಕ್ಕ ಸರಿಯಾಗಿರಬೇಕು. ಆದುದರಿಂದ ಈ ಕೆಲಸಕ್ಕೆ ಕೈಯಿಕ್ಕುವವರು ಬಟ್ಟೆಯನ್ನೂ ಮಣಿಯನ್ನೂ ಆರಿಸುವ ಮುನ್ನ, ಟ್ರಂಕನ್ನು ಮನೆಯ ಹಿರಿಯರ ಮುಂದಿಟ್ಟು, ಅವರ ಬಾಯಿಂದ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಜರಿಯಂಚು ಮುಂದಿನ ವರ್ಷವೂ ಸಿಕ್ಕೀತು.