ಯಾರ ನೆಲ, ಯಾರ ರುಜು?

1938ರ ಸೆಪ್ಟೆಂಬರ್ 29ರ ರಾತ್ರಿ ಮ್ಯೂನಿಕ್ ನಗರದಲ್ಲಿ ನಾಲ್ಕು ಜನ ದೊಡ್ಡವರು ಮೇಜಿನ ಸುತ್ತ ಕೂತು, ಅಲ್ಲಿ ಇಲ್ಲದ ಐದನೆಯವನ ಮನೆಯನ್ನು ಪಾಲು ಮಾಡಿದರು. ಜರ್ಮನಿಯ ಹಿಟ್ಲರ್, ಇಟಲಿಯ ಮುಸೊಲಿನಿ, ಇಂಗ್ಲೆಂಡಿನ ಚೇಂಬರ್ಲಿನ್, ಫ್ರಾನ್ಸಿನ ದಲಾದಿಯೆ. ಪಾಲಾದದ್ದು ಜೆಕೊಸ್ಲೊವಾಕಿಯ. ಆ ದೇಶದ ಇಬ್ಬರು ಪ್ರತಿನಿಧಿಗಳು ಅದೇ ಊರಿನಲ್ಲಿದ್ದರು. ಅವರನ್ನು ಒಳಗೆ ಕರೆಯಲಿಲ್ಲ. ಹೋಟೆಲಿನ ಕೋಣೆಯಲ್ಲಿ ಕಾಯುತ್ತ ಕೂತಿದ್ದರು. ರುಜು ಬಿದ್ದ ಮೇಲೆ, ನಡುರಾತ್ರಿ ದಾಟಿದ ಮೇಲೆ, ಇಂಗ್ಲೆಂಡ್ ಮತ್ತು ಫ್ರಾನ್ಸಿನವರು ಅವರನ್ನು ಕರೆಸಿ ಕಾಗದ ಕೈಗಿಟ್ಟರು. ಉತ್ತರ ಯಾರೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಚೇಂಬರ್ಲಿನ್ ಒಂದೇ ಸಮನೆ ಆಕಳಿಸುತ್ತಿದ್ದರು ಅಂತ ಆ ಇಬ್ಬರಲ್ಲೊಬ್ಬರು ತಮ್ಮ ವರದಿಯಲ್ಲಿ ಬರೆದಿಟ್ಟಿದ್ದಾರೆ.

ಆ ಆಕಳಿಕೆ ನನ್ನನ್ನು ಬಹಳ ಕಾಡಿದೆ. ಆತ ರಾಕ್ಷಸನಲ್ಲ. ಯುದ್ಧ ಬೇಡ ಅಂತ ನಿಜವಾಗಿಯೂ ಬಯಸಿದ ಮುದುಕ. ಆದರೆ ಹೋಗಿದ್ದು ಅವನ ಮನೆಯಲ್ಲವಲ್ಲ, ನಿದ್ದೆ ಬಂತು. ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ ಯಾರದ್ದೋ ನೆಲ, ಯಾರದ್ದೋ ಶಾಂತಿ.

ಲಂಡನ್ನಿಗೆ ವಾಪಸು ಬಂದಾಗ ಜನ ಬೀದಿಗೆ ಬಂದು ಜೈಕಾರ ಹಾಕಿದರು. ಆ ಜನರನ್ನು ಹೇಡಿಗಳು ಅಂತ ಹಳಿಯುವುದು ಸುಲಭ. ನಾನು ಹಳಿಯಲಾರೆ. 1916ರ ಜುಲೈ 1ರಂದು, ಸೋಮ್ ನದಿಯ ದಂಡೆಯ ಕದನದಲ್ಲಿ, ಒಂದೇ ದಿನ ಬ್ರಿಟಿಷ್ ಸೇನೆಯ 19,000ಕ್ಕೂ ಹೆಚ್ಚು ಜನ ಸತ್ತಿದ್ದರು. ಅವರ ಅಮ್ಮಂದಿರು, ಹೆಂಡಿರು 1938ರಲ್ಲಿ ಇನ್ನೂ ಬದುಕಿದ್ದರು. ಶಾಂತಿ ಅಂದಾಗ ಅವರು ಅತ್ತಿದ್ದರೆ ಅದರಲ್ಲಿ ತಪ್ಪೇನಿದೆ? ತಪ್ಪು ಇರುವುದು ಅವರ ಆ ಕಣ್ಣೀರನ್ನು ಬಂಡವಾಳ ಮಾಡಿಕೊಂಡು ಪರರ ಜಮೀನನ್ನು ಬರೆದುಕೊಟ್ಟವರಲ್ಲಿ.

ಕೊಟ್ಟು ಉಳಿಸಿಕೊಂಡದ್ದೇನು? ಗಡಿಯ ಗುಡ್ಡಗಳಲ್ಲಿದ್ದ ಜೆಕ್ ಕೋಟೆಕೊತ್ತಲಗಳು ಒಂದು ಗುಂಡೂ ಹಾರದೆ ಜರ್ಮನಿಯ ಪಾಲಾದವು. ಆರು ತಿಂಗಳೂ ಕಳೆಯಲಿಲ್ಲ, 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್ ನಗರಕ್ಕೇ ನುಗ್ಗಿತು. ಜೆಕ್ ಕಾರ್ಖಾನೆಗಳ ಟ್ಯಾಂಕುಗಳೇ 1940ರಲ್ಲಿ ಫ್ರಾನ್ಸಿನ ಮೇಲೆ ಹರಿದವು. ಇನ್ನೂ ಒಂದು ಮಾತಿದೆ, ಅದನ್ನು ಹೇಳುವವರು ಕಡಿಮೆ. ಯುದ್ಧ ಮುಗಿದ ಮೇಲೆ ಜೆಕೊಸ್ಲೊವಾಕಿಯದಿಂದ ಸುಮಾರು 30 ಲಕ್ಷ ಜರ್ಮನ್ ಭಾಷಿಕರನ್ನು ಮೂಟೆ ಕಟ್ಟಿಸಿ ಹೊರಗಟ್ಟಿದರು. ತಪ್ಪು ಮಾಡಿದವರು, ಮಾಡದವರು, ಹೆಂಗಸರು, ಮುದುಕರು ಎಲ್ಲರನ್ನೂ. ಮ್ಯೂನಿಕ್ಕಿನಲ್ಲಿ ಯಾರ ಹೆಸರು ಹೇಳಿ ಆ ನೆಲ ಕಿತ್ತುಕೊಂಡರೋ ಅವರೇ ಕೊನೆಗೆ ಆ ನೆಲ ಬಿಟ್ಟು ಹೋಗಬೇಕಾಯಿತು. ಅನ್ಯಾಯದ ರಾಜಿ ಅನ್ಯಾಯವನ್ನು ಮುಗಿಸೋದಿಲ್ಲ, ಕೈಯಿಂದ ಕೈಗೆ ದಾಟಿಸುತ್ತೆ.

ಹಾಗಂತ ಮ್ಯೂನಿಕ್ ಅನ್ನೋ ಹೆಸರನ್ನು ಮಂತ್ರದ ಹಾಗೆ ಜಪಿಸುವವರ ಬಗ್ಗೆಯೂ ಎಚ್ಚರ ಬೇಕು. 1956ರಲ್ಲಿ ಈಜಿಪ್ಟಿನ ನಾಸರ್ ಸುಯೆಜ್ ಕಾಲುವೆಯನ್ನು ತನ್ನ ದೇಶದ ಸ್ವತ್ತು ಅಂದಾಗ ಬ್ರಿಟನ್ನಿನ ಪ್ರಧಾನಿ ಈಡನ್‌ಗೆ ನಾಸರ್‌ನಲ್ಲಿ ಮುಸೊಲಿನಿ ಕಂಡ. 2003ರಲ್ಲಿ ಇರಾಕಿನ ಮೇಲೆ ಬೀಳುವಾಗಲೂ ಇದೇ ಹಳೇ ಹಾಡು. ದರೋಡೆಗೆ ಹೊರಟವರೂ ಮ್ಯೂನಿಕ್ ಅನ್ನುತ್ತಾರೆ. ಆದ್ದರಿಂದ ಹೆಸರು ಸಾಲದು. ಪ್ರತಿ ಸಲವೂ ಕೇಳಬೇಕಾದ್ದು ಒಂದೇ: ಯಾರ ನೆಲ, ಯಾರ ರುಜು?

ಈಗ ಉಕ್ರೇನಿಗೆ ಬರೋಣ.

ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದ ಮೇಲೆ ಜಗತ್ತಿನಲ್ಲೇ ಮೂರನೆಯ ದೊಡ್ಡ ಅಣ್ವಸ್ತ್ರಗಳ ರಾಶಿ ಉಳಿಯಿತು. ಅವನ್ನು ಹಾರಿಸುವ ಕೀಲಿಕೈ ಮಾಸ್ಕೋದಲ್ಲಿತ್ತು ಅನ್ನುವುದೂ ನಿಜ. 1994ರ ಡಿಸೆಂಬರ್ 5ರಂದು ಬುಡಾಪೆಸ್ಟಿನಲ್ಲಿ ಒಂದು ಕಾಗದ ಆಯಿತು. ಉಕ್ರೇನ್ ಅಣ್ವಸ್ತ್ರ ಬಿಟ್ಟುಕೊಡಬೇಕು; ಅದಕ್ಕೆ ಪ್ರತಿಯಾಗಿ ಅದರ ಗಡಿಯನ್ನು ಗೌರವಿಸುತ್ತೇವೆ ಅಂತ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ರುಜು ಹಾಕಿದರು. 1996ರ ಹೊತ್ತಿಗೆ ಕೊನೆಯ ಸಿಡಿತಲೆಯೂ ರಷ್ಯಾಕ್ಕೆ ಹೋಯಿತು. ಆ ಕಾಗದದಲ್ಲಿ 'ಖಾತರಿ' ಅನ್ನುವ ಪದ ಬೇಡ, 'ಭರವಸೆ' ಸಾಕು ಅಂತ ಅಮೆರಿಕದ ವಕೀಲರು ಹಟ ಹಿಡಿದಿದ್ದರು. ಆಗ ಅದೊಂದು ಪದದ ಜಗಳ. 2014ರಲ್ಲಿ ಕ್ರೈಮಿಯಾವನ್ನು ರಷ್ಯಾ ನುಂಗಿದಾಗ ಆ ಪದದ ಬೆಲೆ ಗೊತ್ತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ ಕೊಡೋದು?

ಆಮೇಲೆ ಮಿನ್ಸ್ಕ್ ಒಪ್ಪಂದಗಳು. ಮೊದಲನೆಯದು 2014ರ ಸೆಪ್ಟೆಂಬರಿನಲ್ಲಿ, ಎರಡನೆಯದು 2015ರ ಫೆಬ್ರವರಿ 12ರಂದು. ಎರಡನೆಯದರ ಶಾಯಿ ಒಣಗುವ ಮೊದಲೇ, ವಾರದೊಳಗೆ, ಡೆಬಾಲ್ಟ್ಸೆವೆ ಅನ್ನುವ ರೈಲು ಜಂಕ್ಷನ್ನಿನ ಊರು ರಷ್ಯಾದ ಕಡೆಯವರ ಕೈಸೇರಿತು. 2022ರ ಫೆಬ್ರವರಿ 24ರಂದು ಪೂರ್ಣ ಯುದ್ಧ. ಮಾರ್ಚ್ ಕೊನೆಗೆ ರಷ್ಯಾದ ಸೇನೆ ಕೀವ್ ಪಕ್ಕದ ಬುಚಾ ಊರನ್ನು ಬಿಟ್ಟುಹೋದಾಗ ಬೀದಿಯಲ್ಲಿ ಹೆಣಗಳಿದ್ದವು, ಕೆಲವರ ಕೈ ಬೆನ್ನ ಹಿಂದೆ ಕಟ್ಟಿತ್ತು.

ನೇಟೋ ವಿಸ್ತರಣೆಯ ಮಾತು ಎತ್ತುವ ಗೆಳೆಯರು ನಮ್ಮಲ್ಲಿ ಇದ್ದಾರೆ. 2008ರ ಬುಕಾರೆಸ್ಟ್ ಸಭೆಯಲ್ಲಿ ಉಕ್ರೇನ್, ಜಾರ್ಜಿಯಾ ಮುಂದೊಂದು ದಿನ ನೇಟೋ ಸೇರುತ್ತವೆ ಅಂತ ಘೋಷಿಸಿದ್ದು ನಿಜ. ಅಮೆರಿಕದ ಯಜಮಾನಿಕೆಯ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರಷ್ಯಾಕ್ಕೆ ಭಯ ಇದ್ದಿರಬಹುದು. ಆದರೆ ನನಗೆ ಭಯ ಇದೆ ಅನ್ನೋ ಕಾರಣಕ್ಕೆ ಪಕ್ಕದವನ ಹೊಲ ನನ್ನದಾಗೋದಿಲ್ಲ. 1975ರಲ್ಲಿ ಹೆಲ್ಸಿಂಕಿಯಲ್ಲಿ 35 ದೇಶಗಳು ಸೇರಿ, ಗಡಿಯನ್ನು ಬಲಾತ್ಕಾರದಿಂದ ಬದಲಿಸಬಾರದು ಅಂತ ರುಜು ಹಾಕಿದ್ದವು. ಅದಕ್ಕೆ ಬಹಳ ಒತ್ತಾಯ ಮಾಡಿದ್ದು ಸೋವಿಯತ್ ಒಕ್ಕೂಟವೇ. ಯುರೋಪಿನ ಭದ್ರತೆ ಅಂತ ಒಂದು ಇದ್ದರೆ ಅದು ಆ ಒಂದು ವಾಕ್ಯದ ಮೇಲೆ ನಿಂತಿದೆ.

2025ರಲ್ಲಿ ರಾಜಿಯ ಮಾತು ಜೋರಾಯಿತು. ಫೆಬ್ರವರಿಯಲ್ಲಿ ರಿಯಾದಿನಲ್ಲಿ ಅಮೆರಿಕ, ರಷ್ಯಾ ಕೂತವು, ಉಕ್ರೇನ್ ಇರಲಿಲ್ಲ. ಆಗಸ್ಟ್ 15ರಂದು ಅಲಾಸ್ಕದಲ್ಲಿ ಟ್ರಂಪ್, ಪುಟಿನ್ ಕೂತರು, ಉಕ್ರೇನ್ ಇರಲಿಲ್ಲ. ನವೆಂಬರಿನಲ್ಲಿ 28 ಅಂಶಗಳ ಒಂದು ಕರಡು ಹೊರಬಿತ್ತು. ಡೊನೆಟ್ಸ್ಕ್ ಪ್ರಾಂತ್ಯದಲ್ಲಿ ಉಕ್ರೇನಿನ ಕೈಯಲ್ಲೇ ಉಳಿದಿದ್ದ ಭಾಗವನ್ನೂ ಅದು ತಾನಾಗಿ ಖಾಲಿ ಮಾಡಿಕೊಡಬೇಕು. ಸೇನೆ ಆರು ಲಕ್ಷ ದಾಟಬಾರದು. ಯುದ್ಧದಲ್ಲಿ ಮಾಡಿದ್ದಕ್ಕೆಲ್ಲ ಎಲ್ಲರಿಗೂ ಪೂರ್ಣ ಕ್ಷಮೆ. ಮುಂದೆ ಜಿನೀವಾದಲ್ಲಿ ಆ ಕರಡನ್ನು ತಿದ್ದಿದರು, ಮತ್ತೆ ತಿದ್ದಿದರು. ಆದರೆ ಮೊದಲ ಕರಡೇ ಬರೆದವರ ಮನಸ್ಸನ್ನು ಹೇಳುತ್ತೆ. ಯುದ್ಧದಿಂದ ಕಸಿಯಲಾಗದ್ದನ್ನು ಶಾಂತಿಯ ಹೆಸರಲ್ಲಿ ಕೇಳುತ್ತಿದ್ದರು.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಅದನ್ನು ದಾಟಿಕೊಂಡು ಹೋದರೆ ನಾನು ಬರೆದದ್ದೆಲ್ಲ ಬರೀ ಭಾಷಣ ಆಗುತ್ತೆ. ನೆಲ ದೊಡ್ಡದೋ, ಜೀವ ದೊಡ್ಡದೋ? ನಾಲ್ಕು ಹೋಬಳಿ ಹೋದರೆ ಹೋಗಲಿ, ಹುಡುಗರು ಉಳೀತಾರಲ್ಲ ಅಂತ ಒಬ್ಬ ತಾಯಿ ಅಂದರೆ ಏನು ಉತ್ತರ ಹೇಳ್ತೀರಿ? ಸಾಯುತ್ತಿರುವವರು ಯಾರು ಅನ್ನೋದನ್ನು ನೋಡಿದರೆ ಪ್ರಶ್ನೆ ಇನ್ನೂ ಚುಚ್ಚುತ್ತೆ. ರಷ್ಯಾ ತನ್ನ ಸೇನೆಗೆ ಬುರ್ಯಾಟಿಯಾ, ತುವಾದಂಥ ದೂರದ ಬಡ ಸೀಮೆಗಳಿಂದ ದುಡ್ಡಿನ ಆಸೆ ತೋರಿಸಿ ಜನ ಕರೆತಂದಿತು. 2022ರಲ್ಲಿ ಜೈಲುಗಳಿಂದಲೂ ಕೈದಿಗಳನ್ನು ತಂದರು. ಮಾಸ್ಕೋದ ಸಾಹುಕಾರರ ಮಕ್ಕಳು ಕಂದಕಕ್ಕೆ ಇಳಿಯಲಿಲ್ಲ. ಕೆಲಸ ಕೊಡಿಸ್ತೀವಿ ಅಂತ ನಂಬಿಸಿ ಕರೆದೊಯ್ದು ಆ ಸೇನೆಗೆ ದೂಡಿದ ಭಾರತೀಯರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಹುಡುಗರೂ ಇದ್ದರು; 2024ರಲ್ಲಿ ಬದುಕಿ ಬಂದರು. ಉಕ್ರೇನಿನಲ್ಲೂ ಲಂಚ ಕೊಟ್ಟು ಪಾರಾದವರಿದ್ದಾರೆ, ಕೊಡಲಾಗದವರು ಹೋಗಿದ್ದಾರೆ. 2024ರಲ್ಲಿ ಅಲ್ಲಿ ಕಡ್ಡಾಯ ಸೇನಾ ಭರ್ತಿಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದರು. ಪ್ಯಾರಿಸ್ಸು, ಬರ್ಲಿನ್ನಿನಲ್ಲಿ ಕೂತು ಕೊನೆವರೆಗೂ ಹೋರಾಡಿ ಅನ್ನೋರ ಮಕ್ಕಳು ಅಲ್ಲಿ ಇಲ್ಲ. ಬೇರೆಯವರ ನೆಲ ಬರೆದುಕೊಡುವುದು ಹೇಗೆ ಸುಲಭವೋ, ಬೇರೆಯವರ ರಕ್ತ ಸುರಿಸುವುದೂ ಅಷ್ಟೇ ಸುಲಭ.

ಆದರೂ ನೆಲವೋ ಜೀವವೋ ಅನ್ನುವ ಈ ತಕ್ಕಡಿಯೇ ಖೋಟಾ. ನೆಲ ಅಂದರೆ ನಕಾಶೆಯ ಬಣ್ಣವಲ್ಲ, ಅದರ ಮೇಲೆ ಜನ ಇದ್ದಾರೆ. ಆ ಕರಡು ಕೇಳಿದ ಭಾಗದಲ್ಲಿ ಕ್ರಾಮಟೊರ್ಸ್ಕ್ ಇದೆ, ಸ್ಲೊವಿಯನ್ಸ್ಕ್ ಇದೆ. ಗಣಿ, ಕಾರ್ಖಾನೆಗಳಲ್ಲಿ ದುಡಿದವರ ಊರುಗಳು. ಗೆರೆ ಆಚೆ ಹೋದವರ ಬಾಳು ಏನಾಗುತ್ತೆ ಅನ್ನೋದಕ್ಕೆ ಊಹೆ ಬೇಕಿಲ್ಲ. ರಷ್ಯಾದ ಪಾಸ್‌ಪೋರ್ಟ್ ಇಲ್ಲದೆ ಕೆಲಸ, ಔಷಧ, ಪಿಂಚಣಿ ಸಿಗದಂತೆ ಮಾಡಿದರು. ಶಾಲೆಯ ಪಾಠ ಬದಲಾಯಿತು. ಮಕ್ಕಳನ್ನೇ ಸಾಗಿಸಿದರು; ಆ ಅಪರಾಧಕ್ಕೆಂದೇ 2023ರ ಮಾರ್ಚ್ 17ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಪುಟಿನ್ ಮೇಲೆ ವಾರಂಟ್ ಹೊರಡಿಸಿತು. ಇದನ್ನೆಲ್ಲ ಒಂದು ಕಡೆ ಇಟ್ಟು, 'ಜೀವ ಉಳಿಸಲಿಕ್ಕೆ ನೆಲ ಕೊಡಿ' ಅಂದರೆ ಯಾರ ಜೀವದ ಮಾತು ಅದು?

ಕೊಡುವವನೇ ಕೊಟ್ಟರೆ ಬೇರೆ ಮಾತು. ಫಿನ್ಲೆಂಡನ್ನು ನೋಡಿ. 1939ರ ನವೆಂಬರ್ 30ರಂದು ಸ್ಟಾಲಿನ್ ಸೇನೆ ನುಗ್ಗಿತು. 105 ದಿನ ಹೋರಾಡಿ, 25,000ದಷ್ಟು ಜನರನ್ನು ಕಳೆದುಕೊಂಡು, 1940ರ ಮಾರ್ಚಿನಲ್ಲಿ ಫಿನ್ಲೆಂಡ್ ತನ್ನ ನೆಲದ ಸುಮಾರು ಹತ್ತರಲ್ಲೊಂದು ಪಾಲನ್ನು ಬಿಟ್ಟುಕೊಟ್ಟಿತು. ರಾಜಿ ಅನ್ಯಾಯದ್ದೇ. ಆದರೆ ಮಾತಾಡಲು ಹೋದವರು ಅವರವರೇ, ಒಪ್ಪಿದ್ದು ಅವರದ್ದೇ ಸಂಸತ್ತು. ಅಧ್ಯಕ್ಷ ಕಲ್ಲಿಯೊ ಅಧಿಕಾರಪತ್ರಕ್ಕೆ ರುಜು ಹಾಕುವಾಗ, ಇಂಥ ಕಾಗದಕ್ಕೆ ರುಜು ಹಾಕುವ ಕೈ ಒಣಗಿಹೋಗಲಿ ಅಂದರೆಂದು ಹೇಳುತ್ತಾರೆ. ಚೇಂಬರ್ಲಿನ್ನಿನ ಆಕಳಿಕೆಯ ಪಕ್ಕದಲ್ಲಿ ಈ ಮಾತನ್ನು ಇಟ್ಟು ನೋಡಿ. ನೆಲೆ ಕಳೆದುಕೊಂಡು ಬಂದ 4 ಲಕ್ಷಕ್ಕೂ ಹೆಚ್ಚು ಜನರಿಗೆ ಉಳಿದ ಫಿನ್ಲೆಂಡ್ ಕಾನೂನು ಮಾಡಿ ಜಮೀನು ಹಂಚಿತು. ನಷ್ಟವನ್ನು ಗಡಿಯ ಬಡವರ ತಲೆಗೇ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಆದರೂ ಆ ರಾಜಿ ನಿಲ್ಲಲಿಲ್ಲ ಅನ್ನೋದನ್ನು ಮುಚ್ಚಿಡಬಾರದು. 1941ರಲ್ಲಿ ಕಳೆದದ್ದನ್ನು ವಾಪಸು ಪಡೆಯಲು ಫಿನ್ಲೆಂಡ್ ಹಿಟ್ಲರನ ಜತೆಗೇ ಯುದ್ಧಕ್ಕೆ ಇಳಿಯಿತು. ಅವಮಾನ ಮನುಷ್ಯರನ್ನು ಎಂಥವರ ಪಕ್ಕದಲ್ಲಿ ನಿಲ್ಲಿಸುತ್ತೆ!

ಇಷ್ಟೆಲ್ಲ ನ್ಯಾಯ ಮಾತಾಡುವ ಯುರೋಪೇ 1884–85ರಲ್ಲಿ ಬರ್ಲಿನ್ನಿನಲ್ಲಿ ಸಭೆ ಸೇರಿ ಆಫ್ರಿಕಾ ನುಂಗುವ ನಿಯಮ ಬರೆದಾಗ ಆ ಮೇಜಿನಲ್ಲಿ ಒಬ್ಬ ಆಫ್ರಿಕನ್ನನೂ ಇರಲಿಲ್ಲ. ಆ ಚಾಳಿಯನ್ನು ಕಪ್ಪು ಜನರ ಮೇಲೆ ಕಲಿತು ಮ್ಯೂನಿಕ್ಕಿನಲ್ಲಿ ತಮ್ಮವರ ಮೇಲೇ ಪ್ರಯೋಗಿಸಿದರು. ಆದರೆ ವಸಾಹತುಶಾಹಿಯ ಪಾಪವನ್ನು ಉಕ್ರೇನಿನ ಹಳ್ಳಿಯವರು ಯಾಕೆ ತೀರಿಸಬೇಕು? ನಮ್ಮ ದೇಶದ ಪ್ರಭುತ್ವವೂ ಇಲ್ಲಿ ಬಾಯಿ ಕಟ್ಟಿಕೊಂಡಿತು. 2022ರ ಅಕ್ಟೋಬರ್ 12ರಂದು, ರಷ್ಯಾ ನಾಲ್ಕು ಪ್ರಾಂತ್ಯಗಳನ್ನು ತನ್ನದೆಂದು ಸಾರಿದ್ದು ಸಿಂಧುವಲ್ಲ ಅಂತ ವಿಶ್ವಸಂಸ್ಥೆಯಲ್ಲಿ 143 ದೇಶಗಳು ಹೇಳಿದಾಗ ಸುಮ್ಮನಿದ್ದ 35ರಲ್ಲಿ ಭಾರತವೂ ಒಂದು. ಅದೇ ವರ್ಷ ಮಾರ್ಚಿನಲ್ಲಿ ಖಾರ್ಕಿವ್‌ನಲ್ಲಿ ಡಾಕ್ಟರಿಕೆ ಓದಲು ಹೋಗಿದ್ದ ಕನ್ನಡದ ಹುಡುಗನೊಬ್ಬ ಶೆಲ್ ದಾಳಿಗೆ ಸತ್ತಿದ್ದ. ಅಗ್ಗದ ಎಣ್ಣೆ ಮಾತ್ರ ಬರುತ್ತಲೇ ಇತ್ತು.

ಕ್ಷಮೆಯ ಮಾತು ಉಳಿಯಿತು. ಬುಚಾದಲ್ಲಿ ಸತ್ತವರ ಪರವಾಗಿ ವಾಷಿಂಗ್ಟನ್ನಿನ ಅಧಿಕಾರಿ ಕ್ಷಮಿಸಬಹುದೆ? ಕೀವ್‌ನಲ್ಲಿರುವ ಅಧ್ಯಕ್ಷ ಕ್ಷಮಿಸಬಹುದೆ? ಗುಂಡು ನಿಲ್ಲಿಸಲು ಒಪ್ಪುವ ಹಕ್ಕು ಅವನಿಗಿದೆ, ಇನ್ನು ಆಗೋದಿಲ್ಲ ಅನ್ನಿಸಿದರೆ ಆ ಜನ ನಿಲ್ಲಿಸಲಿ. ದೂರದಿಂದ ಅವರನ್ನು ಹೇಡಿಗಳು ಅನ್ನುವ ನಾಲಗೆ ನಮಗೆ ಬೇಡ. ಬೋಸ್ನಿಯಾದಲ್ಲಿ 1995ರ ಡೇಟನ್ ಒಪ್ಪಂದ ಬಹಳ ಅನ್ಯಾಯ ಮಾಡಿತು. ಸ್ರೆಬ್ರೆನಿಕಾದಲ್ಲಿ 8,000ಕ್ಕೂ ಹೆಚ್ಚು ಗಂಡಸರನ್ನು, ಹುಡುಗರನ್ನು ಕೊಂದ ಊರನ್ನೇ ಕೊಂದವರ ಕಡೆಯ ಆಡಳಿತಕ್ಕೆ ಬಿಟ್ಟಿತು. ಆದರೂ ಕೊಲೆ ನಿಂತಿತು. ಮತ್ತು ಹೇಗ್ ನಗರದ ನ್ಯಾಯಾಲಯ ಮುಚ್ಚಲಿಲ್ಲ. ಕರಾಜಿಚ್, ಮ್ಲಾದಿಚ್ ಇಬ್ಬರೂ ವರ್ಷಗಟ್ಟಲೆ ತಲೆಮರೆಸಿಕೊಂಡು ಕೊನೆಗೆ ಸಿಕ್ಕಿಬಿದ್ದು ಜೀವಾವಧಿ ಶಿಕ್ಷೆಗೆ ಒಳಗಾದರು. ಆ ಒಪ್ಪಂದದಲ್ಲಿ ಎಲ್ಲರಿಗೂ ಪೂರ್ಣ ಕ್ಷಮೆ ಅಂತ ಒಂದು ಸಾಲು ಇದ್ದಿದ್ದರೆ?

ನಮ್ಮ ರೈತರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಒತ್ತುವರಿ ಮಾಡಿದವನು ಹೊಲದಲ್ಲಿ ಕೂತಿರೋದು ಬೇರೆ, ಪಹಣಿಯಲ್ಲಿ ಅವನ ಹೆಸರು ಕೂರೋದು ಬೇರೆ. 1940ರಲ್ಲಿ ಸೋವಿಯತ್ ಸೇನೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳನ್ನು ನುಂಗಿದಾಗ ಬಿಡಿಸುವ ಶಕ್ತಿ ಯಾರಿಗೂ ಇರಲಿಲ್ಲ. ಅಮೆರಿಕ ಜುಲೈ 23ರಂದು ಒಂದು ಸಣ್ಣ ಹೇಳಿಕೆ ಕೊಟ್ಟಿತು, ಇದನ್ನು ನಾವು ಮಾನ್ಯ ಮಾಡುವುದಿಲ್ಲ ಅಂತ. ಅದರಿಂದ ಒಬ್ಬ ಸೈನಿಕನೂ ಕದಲಲಿಲ್ಲ, ಸೈಬೀರಿಯಕ್ಕೆ ಹೊರಟ ರೈಲುಗಳು ನಿಲ್ಲಲಿಲ್ಲ. ಆದರೆ ವಾಷಿಂಗ್ಟನ್ನಿನಲ್ಲಿ ಲಾಟ್ವಿಯಾ, ಲಿಥುವೇನಿಯಾಗಳ ರಾಯಭಾರ ಕಚೇರಿಗಳು ಬಾಗಿಲು ಮುಚ್ಚಲಿಲ್ಲ. ನಕಾಶೆಯಲ್ಲಿ ಇಲ್ಲದ ದೇಶಗಳ ಹೆಸರಿನಲ್ಲಿ ಅವು 51 ವರ್ಷ ಪಾಸ್‌ಪೋರ್ಟ್ ಬರೆದುಕೊಡುತ್ತಲೇ ಇದ್ದವು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಆ ದೇಶಗಳು ಹೊಸದಾಗಿ ಅರ್ಜಿ ಹಾಕಿಕೊಳ್ಳಲಿಲ್ಲ. ಹಳೆಯ ಖಾತೆ ಹಾಗೇ ಇತ್ತು.