ಕೇಳಿದರೆ ಓದಿದಂತೆಯೇ?

ದಿನಾ ಒಂದೂವರೆ ಗಂಟೆ ಕಾರಿನಲ್ಲೇ ಕಳೆಯುವ ನಮ್ಮಂಥವರಿಗೆ ಆಡಿಯೋ ಪುಸ್ತಕ ಒಂದು ವರವೇ ಸರಿ. ಫ್ರೀಮಾಂಟಿನಿಂದ ಆಫೀಸಿಗೆ ಹೋಗುವ 880 ಹೆದ್ದಾರಿಯಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಪುಸ್ತಕ ಮುಗಿಸುತ್ತೇವೆ. ಆದರೆ ಸ್ನೇಹಿತರ ಮನೆಯ ಊಟದಲ್ಲಿ "ಅದನ್ನು ಓದಿದ್ದೇವೆ" ಎಂದರೆ, "ಓದಿದ್ದೋ, ಕೇಳಿದ್ದೋ?" ಎಂದು ಯಾರಾದರೂ ಕಾಲೆಳೆಯದೆ ಬಿಡುವುದಿಲ್ಲ.

ಇದಕ್ಕೆ ನಮ್ಮ ಉತ್ತರ ಸಿದ್ಧವಿತ್ತು. ಗಮಕಿಗಳು ವಾಚಿಸಿ, ವ್ಯಾಖ್ಯಾನಕಾರರು ಬಿಡಿಸಿ ಹೇಳಿ, ಅಕ್ಷರ ಬಾರದವರ ಮನೆಗೂ ಗದುಗಿನ ಭಾರತ ಬಂದದ್ದು ಕಿವಿಯ ಮೂಲಕವೇ ಅಲ್ಲವೇ? 2019ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಒಂಬತ್ತು ಜನರಿಗೆ ಒಂದೇ ಕಥೆಗಳನ್ನು ಕೇಳಿಸಿ, ಓದಿಸಿ, ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಅರ್ಥ ಮೂಡುವ ನಕ್ಷೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಿವಿ ಕಣ್ಣಿಗಿಂತ ಕೀಳಲ್ಲ ಎಂದು ವಾದ ಗೆದ್ದು ಪಾಯಸಕ್ಕೆ ಕೈ ಹಾಕುತ್ತಿದ್ದೆವು.

ನಮ್ಮ ಸಮಸ್ಯೆ ಬೇರೆ ಕಡೆಯಿಂದ ಬಂತು. ಊರಿನಲ್ಲಿ ಅಮ್ಮನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಅವರಿಗಾಗಿ ಅಕ್ಕ ಭೈರಪ್ಪನವರ 'ಗೃಹಭಂಗ'ವನ್ನು ದಿನಕ್ಕಿಷ್ಟು ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾಳೆ. ನಮಗೂ ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ನಡುವೆ ಕುಕ್ಕರ್ ಸೀಟಿ, ತರಕಾರಿ ಗಾಡಿಯವನ ಕೂಗು ಎಲ್ಲವೂ ಇರುತ್ತದೆ. ನಾವು ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಿದ್ದೆವು. ನಲವತ್ತು ನಿಮಿಷದ್ದು ಇಪ್ಪತ್ತೇಳಕ್ಕೆ ಮುಗಿಯುತ್ತದೆ. ಉಳಿದ ಹದಿಮೂರು ನಿಮಿಷ ಏನು ಮಾಡಿದೆವೋ ದೇವರೇ ಬಲ್ಲ.

ಪ್ಲೇಗಿನಲ್ಲಿ ನಂಜಮ್ಮನ ಇಬ್ಬರು ಮಕ್ಕಳು ಬೆನ್ನುಬೆನ್ನಿಗೆ ಸಾಯುವ ಭಾಗ ಬಂದಾಗ ನಾವು ಲೇನ್ ಬದಲಿಸುತ್ತಿದ್ದೆವು. ಒಂದು ಕಡೆ ದನಿ ನಿಂತಿತು. ರೆಕಾರ್ಡಿಂಗ್ ಕೆಟ್ಟಿದೆ ಎಂದುಕೊಂಡೆವು. ಭಾನುವಾರ ಅಕ್ಕ, "ಅಲ್ಲಿ ನನಗೆ ಓದೋಕೇ ಆಗಲಿಲ್ಲ ಕಣೋ, ಅಮ್ಮನೂ ಅತ್ತರು. ನಿನಗೇನನ್ನಿಸ್ತು?" ಎಂದಳು. "ತುಂಬಾ ಚೆನ್ನಾಗಿ ಓದಿದ್ದೀಯ" ಎಂದೆವು. ಅಕ್ಕ ಅತ್ತದ್ದನ್ನೂ ನಾವು ಒಂದೂವರೆ ಪಟ್ಟು ವೇಗದಲ್ಲಿ ದಾಟಿ ಬಂದಿದ್ದೆವು!

ದುಡ್ಡು ಕೊಟ್ಟು ಕೊಂಡ ಪುಸ್ತಕದ ವೇಗ ನಮ್ಮಿಷ್ಟ ಎನ್ನಬಹುದು. ಆದರೆ ಓದಿದವರಿಗೆ ನಾವು ಏನೂ ಕೊಡಬೇಕಾದ್ದಿಲ್ಲವೇ? ಗಮಕಿಯ ಎದುರು ಕೂತವನು ತೂಕಡಿಸಿದರೆ ಗಮಕಿಗೆ ಕಾಣುತ್ತದೆ. ನಾಚಿಕೆಗಾದರೂ ನೆಟ್ಟಗೆ ಕೂರುತ್ತಾನೆ. ರೆಕಾರ್ಡಿಂಗಿಗೆ ಕಣ್ಣಿಲ್ಲ. ಹಾಗೆಂದು ಕಾರಿನಲ್ಲಿ ಪೂರ್ತಿ ಮನಸ್ಸು ನಂಜಮ್ಮನಿಗೇ ಕೊಟ್ಟರೆ ಮುಂದಿನ ಕಾರಿನಲ್ಲಿರುವವರ ಗತಿ? ಅಲ್ಲಿ ಅರ್ಧ ಕಿವಿ ಕೊಡುವುದೇ ಧರ್ಮ. ಅಂದರೆ ತಪ್ಪಾದದ್ದು ವೇಗದ ಗುಂಡಿಯೊಂದರಲ್ಲೇ ಅಲ್ಲ. ಪೂರ್ತಿ ಕಿವಿ ಬೇಡುವುದನ್ನು, ಅದನ್ನು ಕೊಡಲಾಗದ ಜಾಗಕ್ಕೆ ಕೊಂಡೊಯ್ದದ್ದರಲ್ಲಿ.

ಈಗ ಕಾರಿನಲ್ಲಿ ಸುದ್ದಿ, ಕ್ರಿಕೆಟ್ ಹರಟೆ ಸಾಕೆಂದುಕೊಂಡಿದ್ದೇವೆ. ಅಕ್ಕನ ದನಿ ರಾತ್ರಿ ಪಾತ್ರೆ ತೊಳೆಯುವಾಗ, ಅವಳು ಓದಿದ ವೇಗದಲ್ಲೇ. ಪ್ಲೇಗಿನ ಭಾಗವನ್ನು ಇನ್ನೊಮ್ಮೆ ಕೇಳಿದೆವು. ಆ ಮೌನ ಸಾಕಷ್ಟು ಉದ್ದವಿದೆ. ಹಿಂದೆ ಅಮ್ಮ ಮೂಗು ಒರೆಸಿಕೊಳ್ಳುವ ಸದ್ದೂ ಇದೆ.

ಅಕ್ಕನಿಗೆ ನಿಜ ಹೇಳಿಲ್ಲ. ಈ ಸಂಚಿಕೆಯನ್ನು ಅವಳಿಗೂ ಇಮೇಲ್ ಮಾಡುತ್ತೇವೆ. ಅಮ್ಮನಿಗೆ ಇದನ್ನು ಓದಿ ಹೇಳುವವಳೂ ಅವಳೇ.