ನೀರಿಲ್ಲದ ಊರಿನ ದೋಣಿ

ಆರನೆಯ ಇಯತ್ತೆಯಲ್ಲಿ ಭೂಗೋಲದ ಪಾಠ ನಡೆದಿದ್ದಿತು. ಹಿಮಪ್ರದೇಶದ ಇನುಯಿಟ್ ಜನರ ಬದುಕನ್ನು ವಿವರಿಸುತ್ತ, ಅವರು ಬೇಟೆಗೆ ಹೋಗಲು ಬಳಸುತ್ತಿದ್ದ ಕಿರುದೋಣಿಯ ಹೆಸರನ್ನು ನಾವು ಫಲಕದ ಮೇಲೆ 'ಕಯಾಕ' ಎಂದು ಬರೆದೆವು. ಹಿಂದಿನ ಸಾಲಿನ ಹುಡುಗನೊಬ್ಬನು ಅದನ್ನು ಗಟ್ಟಿಯಾದ ದನಿಯಲ್ಲಿ 'ಕಾಯಕ' ಎಂದೇ ಓದಿದನು. ವರ್ಗವೆಲ್ಲ ನಕ್ಕಿತು, ನಾವೂ ನಕ್ಕೆವು. ಆದರೆ ಸಂಜೆ ಮನೆಗೆ ಬಂದ ಮೇಲೆ ಆ ತಪ್ಪು ನಮ್ಮನ್ನು ಬಿಡದಾಯಿತು. ತನ್ನ ಸಂತೋಷಕ್ಕಾಗಿ ತನ್ನ ಕೈಯಿಂದ ಒಂದು ವಸ್ತುವನ್ನು ಮಾಡಿಕೊಳ್ಳುವವನ ಕೆಲಸವನ್ನು ಕಾಯಕವೆಂದು ಕರೆಯಬಹುದೇ? ಹುಡುಗನು ಅರಿಯದೆ ಕೇಳಿದ ಪ್ರಶ್ನೆ ಇದಾಗಿದ್ದಿತು.

ಆ ಕಯಾಕದ ಕಥೆಯೂ ವಿಚಾರಾರ್ಹವಾದುದು. ಗ್ರೀನ್‌ಲ್ಯಾಂಡಿನ ಬಹುಭಾಗದಲ್ಲಿ ದೋಣಿಗೆ ತಕ್ಕ ಮರವೇ ಬೆಳೆಯದು. ಎಲ್ಲಿಯೋ ದೂರದ ನದಿಗಳಿಂದ ಕಡಲಿಗೆ ಬಿದ್ದು, ತೇಲಿ ಬಂದು ದಡಕ್ಕೆ ಹತ್ತಿದ ಮರದ ತುಂಡುಗಳೇ ಅವರಿಗೆ ಆಧಾರ. ಅವುಗಳಿಂದ ಎಲುಬಿನ ಗೂಡಿನಂತಹ ಹಂದರವನ್ನು ಕಟ್ಟಿ, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮವನ್ನು ನೀರು ಹೋಗದಂತೆ ಹೊಲಿಯುವರು. ಅಳತೆಗೆ ಗಜಕೋಲಿಲ್ಲ, ಏರುವವನ ಮೈಯೇ ಗಜಕೋಲು. ಅವನ ಚಾಚಿದ ತೋಳುಗಳ ಮೂರು ಮಾರು ಉದ್ದ, ಅವನ ಸೊಂಟಕ್ಕೆ ತಕ್ಕ ಅಗಲ. ಆದುದರಿಂದ ಒಬ್ಬನ ದೋಣಿ ಇನ್ನೊಬ್ಬನಿಗೆ ಅಂಗಿಯಂತೆಯೇ ಬಿಗಿಯಾಗಬಹುದು, ಇಲ್ಲವೆ ಸಡಿಲವಾಗಬಹುದು. ಮರವಿಲ್ಲದ ನಾಡಿನವರು ಮರದ ದೋಣಿಯಲ್ಲಿ ಪ್ರವೀಣರಾದರೆಂಬುದನ್ನು ನೀರಿಲ್ಲದ ನಾಡಿನವರಾದ ನಾವು ಸುಮ್ಮನೆ ಓದಿ ಮುಂದೆ ಸಾಗಲಾಗಲಿಲ್ಲ.

ಸನಮಡಿಯ ಪರಿಸ್ಥಿತಿಯನ್ನು ಈ ತಾಲೂಕಿನ ವಾಚಕರಿಗೆ ವಿವರಿಸಬೇಕಾಗಿಲ್ಲ. ಕೃಷ್ಣೆ ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ ಹರಿಯುತ್ತಾಳೆ. ಆದರೆ ಪಶ್ಚಿಮದ ತಾಲೂಕುಗಳಲ್ಲಿ. ಭೀಮೆ ಇರುವುದು ಜತ್ತದ ಎಲ್ಲೆಯ ಆಚೆ. ಮಿರಜ ತಾಲೂಕಿನ ಮ್ಹೈಸಾಳದಿಂದ ಯಂತ್ರಗಳ ಬಲದಿಂದ ಮೇಲಕ್ಕೆತ್ತಿದ ನೀರನ್ನು ಜತ್ತದ ಜನರು ಎಷ್ಟು ವರ್ಷ ಎದುರು ನೋಡಿದರೆಂಬುದನ್ನು ಮನೆಯ ಹಿರಿಯರು ಬಲ್ಲರು. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ದೋಣಿಯನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡವರು. ಇಂತಹ ಊರಿನಲ್ಲಿ, ಒಂದು ಬೇಸಿಗೆಯ ರಜೆಯಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ ನಾವು 12 ಅಡಿ ಉದ್ದದ ಒಂದು ಮರದ ದೋಣಿಯನ್ನು ಕಟ್ಟಲು ಆರಂಭಿಸಿದೆವು.

ಜನರು ನಕ್ಕರೆಂದು ಹೇಳಬೇಕಾಗಿಲ್ಲ. ದಿನವೂ ಸಂಜೆ ಬೇವಿನ ಕೆಳಗೆ ಬಂದು ಕೂಡುತ್ತಿದ್ದ ಮುತ್ಯಾ ಒಬ್ಬರು ಕೇಳಿದರು: "ಮಾಸ್ತರ, ದೋಣಿ ಆತು ಅನ್ನೋಣ. ನೀರು ಯಾವ ಪೇಟ್ಯಾಗ ಕೊಳ್ಳವ್ರು?" ನಮ್ಮಲ್ಲಿ ಉತ್ತರವಿರಲಿಲ್ಲ. ಡೇನಿಯಲ್ ಡಿಫೋ 1719ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕನಾದ ರಾಬಿನ್‌ಸನ್ ಕ್ರೂಸೋ ನಮಗೆ ನೆನಪಾದನು. ನಿರ್ಜನ ದ್ವೀಪದಲ್ಲಿ ಅವನು ಒಂದು ದೊಡ್ಡ ದೇವದಾರು ಮರದ ಬುಡವನ್ನೇ 20 ದಿನ ಕಡಿದು, ಅನಂತರ ತಿಂಗಳುಗಟ್ಟಲೆ ಕೊರೆದು, ಅಂದವಾದ ದೋಣಿಯನ್ನು ಮಾಡುತ್ತಾನೆ. ಅದನ್ನು ನೀರಿಗೆ ಎಳೆದೊಯ್ಯುವ ಬಗೆ ಹೇಗೆಂದು ಮೊದಲೇ ಯೋಚಿಸಿರಲಿಲ್ಲ. ದೋಣಿ ಅಲ್ಲಿಯೇ ಉಳಿಯುತ್ತದೆ. ಮಕ್ಕಳಿಗೆ ಈ ಕಥೆಯನ್ನು ಹೇಳಿ, ಮುಂದಾಲೋಚನೆಯ ಪಾಠವನ್ನು ಬೋಧಿಸುವುದು ನಮ್ಮ ವೃತ್ತಿಯ ವಾಡಿಕೆ. ನಾವೂ ಹಲವು ಸಲ ಬೋಧಿಸಿದ್ದೇವೆ. ಆದರೆ ಕೈಯಲ್ಲಿ ಉಳಿ ಹಿಡಿದು ಕುಳಿತಾಗ ಬೇರೊಂದು ಅನುಮಾನ ಹುಟ್ಟಿತು. ಅಷ್ಟು ತಿಂಗಳು ಅವನು ಏಕಾಂತದಲ್ಲಿ ಹುಚ್ಚನಾಗದೆ ಉಳಿದುದು ಆ ದೋಣಿಯ ದೆಸೆಯಿಂದಲೇ ಆಗಿರಬಾರದೇಕೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂದು ಕರೆದುದು ಬರಿಯ ಕೆಲಸವನ್ನಲ್ಲ. ಕಾಯಕದ ಬೆನ್ನಿಗೆ ದಾಸೋಹವಿದ್ದಿತು. ದುಡಿಮೆಯ ಫಲ ತನ್ನ ಮನೆಯ ಹೊಸ್ತಿಲಲ್ಲಿ ನಿಲ್ಲತಕ್ಕದ್ದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಂಡತಿ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಚೆಲ್ಲಿ ಬರಬೇಕೆಂದು ತಿಳಿಹೇಳಿದ ಕಥೆ ಎಲ್ಲರಿಗೂ ಗೊತ್ತು. ಅಂಬಿಗರ ಚೌಡಯ್ಯನು ತನ್ನ ವೃತ್ತಿಯ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ ಅದನ್ನೇ ವಚನಗಳ ಅಂಕಿತವಾಗಿಸಿಕೊಂಡನು. ಅವನ ದೋಣಿ ಇದ್ದುದು ಅನ್ಯರನ್ನು ದಾಟಿಸುವುದಕ್ಕೆ. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ಹಿತ್ತಲಿನ ದೋಣಿ ಕಾಯಕವಲ್ಲ, ಹವ್ಯಾಸ. ಒರಟಾಗಿ ಹೇಳುವುದಾದರೆ, ರಜೆಯ ಸಂಬಳದ ಸೋಮಾರಿತನ.

ಇದನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. 1937ರಲ್ಲಿ ವರ್ಧಾದ ಪರಿಷತ್ತಿನಲ್ಲಿ ಗಾಂಧೀಜಿಯವರು ಶಿಕ್ಷಣವನ್ನು ಕೈಕಸಬಿನ ಸುತ್ತ ಕಟ್ಟಬೇಕೆಂದೂ, ಮಕ್ಕಳು ಮಾಡಿದ ವಸ್ತುಗಳಿಂದ ಶಿಕ್ಷಕರ ವೇತನ ಕ್ರಮೇಣ ಹೊರಡಬೇಕೆಂದೂ ಹೇಳಿದರು. ಆ ಯೋಜನೆಯನ್ನು ವಿವರವಾಗಿ ರೂಪಿಸಿದ ಡಾಕ್ಟರ್ ಜಾಕಿರ್ ಹುಸೇನರ ಸಮಿತಿಯೇ, ಆರ್ಥಿಕ ಅಂಶಕ್ಕೆ ಒತ್ತು ಹೆಚ್ಚಿ ಶಿಕ್ಷಣದ ಉದ್ದೇಶ ಬಲಿಯಾಗುವ ಅಪಾಯವುಂಟೆಂದು ಎಚ್ಚರಿಸಿದ್ದಿತು. ಎಂದರೆ ವಸ್ತುವಿನ ಬೆಲೆ ಬೇರೆ, ವಸ್ತುವನ್ನು ಮಾಡುವಾಗ ಮಾಡುವವನಲ್ಲಿ ಆಗುವ ಮಾರ್ಪಾಡಿನ ಬೆಲೆ ಬೇರೆ ಎಂಬುದು ಅವರಿಗೂ ತಿಳಿದಿದ್ದಿತು. ನಮ್ಮ ಶಿಕ್ಷಕ ತರಬೇತಿಯಲ್ಲಿ 'ಕಾರ್ಯಾನುಭವ' ಎಂಬ ವಿಷಯಕ್ಕೆ ನಾವು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ವಹಿಯೊಂದನ್ನು ಒಪ್ಪಿಸಿ ಒಳ್ಳೆಯ ಗುಣಗಳನ್ನು ಪಡೆದೆವು. ಅದರಲ್ಲಿ ಕಾರ್ಯವೂ ಇರಲಿಲ್ಲ, ಅನುಭವವೂ ಇರಲಿಲ್ಲ. ದೋಣಿಯಲ್ಲಿ ಎರಡೂ ದೊರೆತವು. ಹೇಗೆಂಬುದನ್ನು ತುಸು ವಿವರಿಸುತ್ತೇವೆ.

ಇಡಿಯ ಮರವನ್ನು ಕೊರೆದು ದೋಣಿ ಮಾಡುವ ಪದ್ಧತಿ ನಮ್ಮ ಕರಾವಳಿಯಲ್ಲಿದ್ದಿತು. ಅದಕ್ಕೆ ಬೇಕಾದ ಮರ ಇಲ್ಲಿ ಕನಸಿನಲ್ಲಿಯೂ ಸಿಕ್ಕದು. ನಾವು ಹಿಡಿದುದು ಹೊಲಿಗೆಯ ದಾರಿ. ತೆಳುವಾದ ಪ್ಲೈವುಡ್ ಹಲಗೆಗಳನ್ನು ಅಳತೆಗೆ ಕೊಯ್ದು, ಅಂಚಿನಲ್ಲಿ ರಂಧ್ರಗಳನ್ನು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯಬೇಕು. ಚಪ್ಪಟೆಯಾಗಿ ಬಿದ್ದಿದ್ದ ಹಲಗೆಗಳು ತಂತಿ ಬಿಗಿಯುತ್ತಿದ್ದಂತೆ ತಾವಾಗಿಯೇ ಬಾಗಿ ಒಡಲಿನ ಆಕಾರಕ್ಕೆ ಬರುವುದನ್ನು ನೋಡಿದವನು ಆ ದಿನವನ್ನು ಮರೆಯಲಾರನು. ಆಮೇಲೆ ಸಂದುಗಳಿಗೆ ಇಪಾಕ್ಸಿ ಅಂಟನ್ನು ತುಂಬಿ, ಮೇಲೆ ಗಾಜುನಾರಿನ ಪಟ್ಟಿಯನ್ನು ಒತ್ತಿ, ಒಣಗಿದ ಬಳಿಕ ತಂತಿಯನ್ನು ಕತ್ತರಿಸಿ ತೆಗೆಯುವುದು. 1963ರಲ್ಲಿ ಇಂಗ್ಲೆಂಡಿನಲ್ಲಿ 'ಮಿರರ್' ಎಂಬ ಪುಟ್ಟ ಹಾಯಿದೋಣಿಯ ಮೂಲಕ ಈ ಕ್ರಮ ಮನೆಮನೆಯ ಹವ್ಯಾಸಿಗಳಿಗೆ ಪರಿಚಯವಾಯಿತು. ಆದರೆ ಹೊಲಿದ ದೋಣಿ ಇಂಗ್ಲೆಂಡಿನವರ ಸೊತ್ತಲ್ಲ. ಮೊಳೆಗಳಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಹಡಗುಗಳು ಅರಬ್ಬೀ ಸಮುದ್ರದಲ್ಲಿ ಶತಮಾನಗಳ ಕಾಲ ಓಡಾಡಿವೆ.

ಈ ಕೆಲಸದಲ್ಲಿ ನಾವು ಕಲಿತ ಮೊದಲ ಸಂಗತಿಯೆಂದರೆ ನಮ್ಮ ಕೈಯ ನಿಜವಾದ ಯೋಗ್ಯತೆ. ಮಕ್ಕಳ ವಹಿಯಲ್ಲಿ ವಕ್ರವಾದ ಗೆರೆಗೆ ಕೆಂಪು ಮಸಿ ಹಾಕುವ ಕೈ, ಗರಗಸವನ್ನು ಗೆರೆಯ ಮೇಲೆ ನಡೆಸಲಾರದೆ ಸೋತಿತು. ಊರಿನ ಬಡಿಗ ಕಾಕಾ ಬಂದು ನೋಡಿ, ಏನೂ ಅನ್ನದೆ, ನಮ್ಮ ಕೀಸುಳಿಯನ್ನು ಎತ್ತಿಕೊಂಡು ಹೋಗಿ ಸಾಣೆ ಹಿಡಿದು ತಂದುಕೊಟ್ಟರು. ಅವರ ಮಗನು ನಮ್ಮ ಶಾಲೆಯಲ್ಲಿಯೇ ಓದಿದವನು. ಅವನ ಪ್ರಗತಿಪುಸ್ತಕದಲ್ಲಿ 'ಮಂದಗತಿ' ಎಂದು ಬರೆದವರು ನಾವು.

ಎರಡನೆಯ ಸಂಗತಿಯನ್ನು ಬರೆಯುವುದಕ್ಕೆ ಸಂಕೋಚವಾಗುತ್ತದೆ. ಆದರೂ ಈ ಲೇಖನ ಹುಟ್ಟಿದುದು ಅದರಿಂದಲೇ. ಎಡಗಡೆಯ ಎರಡನೆಯ ಸಂದಿನಲ್ಲಿ ಹಲಗೆಗಳು ಸರಿಯಾಗಿ ಕೂಡಿರಲಿಲ್ಲ. ಉಗುರಿನಷ್ಟು ಬಿರುಕು ಉಳಿದಿದ್ದಿತು. ಗಾಜುನಾರಿನ ಪಟ್ಟಿ ಅಷ್ಟರಲ್ಲಿ ಮುಗಿದಿದ್ದಿತು. ಮತ್ತೆ ತರಲು ವಿಜಯಪುರದ ಪೇಟೆಗೆ ಹೋಗಬೇಕು. ಶಾಲೆ ಆರಂಭವಾಗುವುದಕ್ಕೆ ಎರಡೇ ದಿನ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಬಿರುಕಿಗೆ ತುಂಬಿ, ಮೇಲೆ ಬಣ್ಣ ಹಚ್ಚಿಬಿಟ್ಟೆವು. ದೋಣಿಯನ್ನು ಕಲ್ಲುಗಳ ಮೇಲೆ ಇರಿಸಿ, ಒಳಗೆ ನೀರು ತುಂಬಿ, ಎಲ್ಲಿ ಜಿನುಗುತ್ತದೆಂದು ನೋಡುವ ಪರೀಕ್ಷೆ ಒಂದಿದೆ. ಅದಕ್ಕೆ ಹತ್ತು ಹನ್ನೆರಡು ಕೊಡ ನೀರು ಬೇಕು. ಟ್ಯಾಂಕರಿನ ಮುಂದೆ ಹೆಣ್ಣುಮಕ್ಕಳು ಸರತಿಯಲ್ಲಿ ನಿಂತಿರುವ ದಿನಗಳಲ್ಲಿ ದೋಣಿಗೆ ನೀರು ಸುರಿಯುವುದು ಅಧರ್ಮವೆಂದು ನಮಗೆ ನಾವೇ ಹೇಳಿಕೊಂಡೆವು. ನೆವವೂ ಕೆಲವೊಮ್ಮೆ ಧರ್ಮದ ಉಡುಪನ್ನೇ ತೊಟ್ಟು ಬರುತ್ತದೆ.

ಹಿಂಗಾರು ಮಳೆ ಆ ವರ್ಷ ಸ್ವಲ್ಪ ಕೃಪೆ ತೋರಿತು. ಜನರು 'ಪಾಝರ ತಲಾವ' ಎಂದು ಕರೆಯುವ ಇಂಗುಕೆರೆಯೊಂದರಲ್ಲಿ ನೀರು ನಿಂತಿತು. ಎತ್ತಿನ ಗಾಡಿಯಲ್ಲಿ ದೋಣಿಯನ್ನು ಒಯ್ದೆವು. ನಾವೊಬ್ಬರೇ ಏರಿ, ಹುಟ್ಟು ಹಾಕಿ, ನಡುಗೆರೆಯವರೆಗೆ ಹೋಗಿ ಬಂದೆವು. ಹನಿ ನೀರೂ ಒಳಗೆ ಬರಲಿಲ್ಲ. ಆ ಸುಖವನ್ನು ವರ್ಣಿಸುವ ಶಕ್ತಿ ನಮಗಿಲ್ಲ.

ಹೆನ್ರಿ ಥೋರೋ ಎಂಬ ಅಮೇರಿಕದ ಚಿಂತಕನು 1839ರಲ್ಲಿ ತನ್ನ ಅಣ್ಣನೊಡನೆ ಒಂದು ವಾರ ದುಡಿದು ದೋಣಿಯನ್ನು ಕಟ್ಟಿ, ಎರಡು ನದಿಗಳಲ್ಲಿ ಸಂಚರಿಸಿದನು. ಆಮೇಲೆ ಅದನ್ನು ಹಾಥಾರ್ನ್ ಎಂಬ ಕಾದಂಬರಿಕಾರನಿಗೆ ಏಳು ಡಾಲರಿಗೆ ಮಾರಿದನು. ಥೋರೋನ ಕೈಯಲ್ಲಿ ತಾನಾಗಿಯೇ ನಡೆದಂತಿದ್ದ ದೋಣಿ ಹಾಥಾರ್ನನ ಮಾತನ್ನು ಮೊದಮೊದಲು ಕೇಳಲೇ ಇಲ್ಲವಂತೆ. ಮಾಡಿದವನಿಗೆ ತನ್ನ ದೋಣಿಯ ಗುಣ ಗೊತ್ತು. ನಾವು ಇಲ್ಲಿ ಸೇರಿಸಬೇಕಾದುದು, ಅದರ ದೋಷವೂ ಅವನಿಗೇ ಗೊತ್ತು ಎಂಬುದನ್ನು.

ಮರುವಾರ ಆ ಹಿಂದಿನ ಸಾಲಿನ ಹುಡುಗನು ಬಂದು, "ಗುರುಗಳೇ, ನಾನೂ ಕೂಡ್ತೀನ್ರಿ" ಎಂದನು. ಅವನ ಎದೆಗೆ ಎರಡು ಬರಿದಾದ ಡಬ್ಬಿಗಳನ್ನು ಕಟ್ಟಿ, ಮುಂದೆ ಕುಳ್ಳಿರಿಸಿಕೊಂಡೆವು. ಇಬ್ಬರ ಭಾರಕ್ಕೆ ತಳ ಬಾಗಿತು. ದಂಡೆಯಿಂದ ಹತ್ತು ಮಾರು ಹೋಗುವಷ್ಟರಲ್ಲಿ ಹೊಟ್ಟು ತುಂಬಿದ ಸಂದು ಬಿರಿದು ನೀರು ನುಗ್ಗಿತು. ಅಲ್ಲಿ ಎದೆಯುದ್ದ ನೀರಿದ್ದಿತು. ಎತ್ತಿಕೊಂಡು ನಡೆದು ಬಂದೆವು. ಹುಡುಗನಿಗೆ ಅದೊಂದು ಜಾತ್ರೆ. ನಮ್ಮ ಕಾಲುಗಳು ಮಾತ್ರ ದಂಡೆಗೆ ಬಂದ ಮೇಲೆ ನಡುಗಲಾರಂಭಿಸಿದವು.

2019ರ ಅಗಸ್ಟ್ 8ರಂದು ಇದೇ ಜಿಲ್ಲೆಯ ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ, ಕೃಷ್ಣೆಯ ನೆರೆಯಿಂದ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ಆ ದೋಣಿಯಲ್ಲಿ ಜನ ಮಿತಿಮೀರಿ ಏರಿದ್ದರು. ಆ ಸುದ್ದಿಯನ್ನು ಓದಿದಾಗ, ಹೊಣೆಯಾರದೆಂದು ಶಿಕ್ಷಕರ ಕೋಣೆಯಲ್ಲಿ ನಾವು ದೊಡ್ಡ ದನಿಯಲ್ಲಿ ಚರ್ಚಿಸಿದವರು. ಪೋರ್ತುಗಲ್ಲಿನ ಪ್ರವಾಸಿ ದೊಮಿಂಗೊ ಪಾಯಸ್‌ನು 1520ರ ಸುಮಾರಿಗೆ ಆನೆಗೊಂದಿಯ ಬಳಿ ಜನರು ತುಂಗಭದ್ರೆಯನ್ನು ದಾಟುತ್ತಿದ್ದ ಹರಿಗೋಲನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲುದು. ಹರಿಗೋಲನ್ನು ಹೆಣೆಯುವವನು ಮೊದಲ ಬಿದಿರಿನ ಸೀಳನ್ನು ಬಾಗಿಸುವಾಗಲೇ ಆ ಇಪ್ಪತ್ತು ಜನರ ಭಾರವನ್ನು ನೆನೆಯಬೇಕಾಗುತ್ತದೆ. ಕಯಾಕವನ್ನು ಕಟ್ಟುವವನು ತನ್ನ ಸೊಂಟವೊಂದನ್ನೇ ಅಳೆಯುತ್ತಾನೆ. ತಪ್ಪಿದರೆ ಮುಳುಗುವವನು ತಾನೇ. ಎರಡೂ ಪ್ರಾಮಾಣಿಕ ದೋಣಿಗಳೇ. ನಾವು ಮಾಡಿದುದು ಮೂರನೆಯ ಬಗೆಯದು: ತನ್ನ ಮೈಗೆಂದು ಕಟ್ಟಿ, ತನಗೆಂದು ಕ್ಷಮಿಸಿಕೊಂಡ ತಪ್ಪಿನ ಮೇಲೆ ಇನ್ನೊಬ್ಬರ ಮಗನನ್ನು ಕೂರಿಸಿದುದು.

ಕಾಯಕವೋ ಹವ್ಯಾಸವೋ ಎಂಬ ಭೇದ ಕೆಲಸದ ಫಲ ಯಾರಿಗೆ ಸೇರುತ್ತದೆಂಬುದರಲ್ಲಿ ಇದೆಯೆಂದು ನಾವು ಭಾವಿಸಿದ್ದೆವು. ಈಗ ತೋರುವುದೇನೆಂದರೆ, ತಾನೊಬ್ಬನೇ ಏರುವ ದೋಣಿಯನ್ನೂ ಬೇರೊಬ್ಬನು ಏರುವನೆಂದು ಬಗೆದು ಕಟ್ಟುವವನಲ್ಲಿ ಆ ಭೇದ ನಿಲ್ಲುವುದಿಲ್ಲ. ಇದು ಸಾಧ್ಯವೇ ಎಂದು ಕೇಳಿದರೆ, ಬಡಿಗ ಕಾಕಾನ ಕೈಯಲ್ಲಿ ಸಾಧ್ಯವಾಗಿದೆ ಎಂದಷ್ಟೇ ಹೇಳಬಲ್ಲೆವು. ಅವರು ಯಾರೂ ನೋಡದ ಬಾಗಿಲ ಹಿಂಬದಿಯನ್ನೂ ಕೀಸುತ್ತಾರೆ.

ಹುಡುಗನ ಮನೆಗೆ ಹೋಗಿ, ನಡೆದುದನ್ನೂ ಅದಕ್ಕೆ ಕಾರಣವನ್ನೂ ಅವನ ತಂದೆಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡ್ರಿ ಮಾಸ್ತರ" ಎಂದರು; ಚಹಾ ಕೊಟ್ಟರು. ಬೈದಿದ್ದರೆ ಹಗುರವಾಗುತ್ತಿದ್ದಿತು. ಆಮೇಲೆ ಬಣ್ಣ ಕೆರೆದು, ಸಂದನ್ನು ಬಿಡಿಸಿ, ವಿಜಯಪುರದಿಂದ ಪಟ್ಟಿ ತಂದು ಮತ್ತೆ ಹಚ್ಚಿದೆವು. ಈ ಸಲ ದೋಣಿಯನ್ನು ಹಿತ್ತಲಲ್ಲಿ ಕಲ್ಲುಗಳ ಮೇಲೆ ಏರಿಸಿದಾಗ ಹುಡುಗನೇ ಮೊದಲ ಕೊಡವನ್ನು ಹೊತ್ತು ತಂದನು. ನೀರು ಹಾಳಾಗಬಾರದೆಂದು, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೆರೆಮನೆಯ ಎಮ್ಮೆಯನ್ನು ಕರೆತಂದು ನಿಲ್ಲಿಸಿದೆವು. ಅದು ದೋಣಿಯೊಳಕ್ಕೆ ಮೂತಿ ಇಳಿಸಿ ಸಾವಕಾಶವಾಗಿ ಕುಡಿಯಿತು. ಮುತ್ಯಾನಿಗೆ ಅಂತೂ ದೋಣಿಯ ಉಪಯೋಗ ತಿಳಿಯಿತು. ಹುಡುಗನೂ ನಾವೂ ಬಗ್ಗಿ ಕೆಳಗೆ ನೋಡಿದೆವು. ಎರಡನೆಯ ಸಂದಿನ ಕೆಳಗೆ, ಅಂಗೈಯಗಲದಷ್ಟು ಮಣ್ಣು ಇನ್ನೂ ತೇವವಾಗಿದ್ದಿತು.